ಬೂದಿಪತ್ರಿ

ಮೂಡಲಗಿ
8 ಜನವರಿ 2025

ಮಾನ್ಯ ಗುರುಪಾದ ಅವರಿಗೆ ಶರಣು.

ನನ್ನ ಪರಿಚಯ ನಿಮಗಿಲ್ಲ. ನಾನು ಶೋಭಾ, ಮೂಡಲಗಿಯಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತೇನೆ. ಯಾರೋ ಬ್ಲೌಸ್ ಸುತ್ತಿ ಕೊಟ್ಟಿದ್ದ ವಾರಪತ್ರಿಕೆಯ ಹಾಳೆಯಲ್ಲಿ ನಿಮ್ಮ ಪ್ರಕಟಣೆ ಕಂಡಿತು. ನೀವು ನಿವೃತ್ತ ಪೋಸ್ಟ್ ಮಾಸ್ಟರ್, ವಾಸನೆಯ ಎಲೆಗಳ ಹೆಸರು ಕೂಡಿಸುತ್ತಿದ್ದೀರಿ, ಊರೂರಲ್ಲಿ ಏನನ್ನುತ್ತಾರೋ ಬರೆದು ಜೊತೆಗೆ ಎಲೆಯನ್ನೂ ಕಳಿಸಬೇಕು, ಫೋನ್ ಮಾಡಬಾರದು, ಏಕೆಂದರೆ ಫೋನಿನಲ್ಲಿ ವಾಸನೆ ಬರುವುದಿಲ್ಲ. ಓದಿ ನಕ್ಕೆ. ಆಮೇಲೆ ಹಾಳೆಯನ್ನು ಎತ್ತಿಟ್ಟೆ. ನನ್ನದು ಉಲ್ಟಾ ಕಷ್ಟ. ಹೆಸರು ಇದೆ, ಎಲೆ ಇಲ್ಲ.

ನಮ್ಮ ಅವ್ವ ಪಾರವ್ವನಿಗೆ ಎಂಬತ್ತೊಂದು. ದೀಪಾವಳಿ ಮುಂದೆ ಬಚ್ಚಲಲ್ಲಿ ಬಿದ್ದು ಟೊಂಕ ಮುರಿಯಿತು. ಘಟಪ್ರಭಾದ ದವಾಖಾನೆಯಲ್ಲಿ ಇಪ್ಪತ್ತು ದಿನ ಇದ್ದು ಮನೆಗೆ ಬಂದಿದ್ದಾಳೆ. ಬರುವಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ ಮ್ಯಾಲೆ ಅವ್ರ ಏನ್ ಕೇಳತಾರ ಅದನ್ನ ಕೊಡ್ರಿ" ಎಂದರು. ಆ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ? ಅವ್ವ ಕೇಳುವುದು ಒಂದೇ. ಎರಡು ಚಮಚ ಗಂಜಿ ಕುಡಿದು ತುಟಿ ಬಿಗಿಯುತ್ತಾಳೆ, ಆಮೇಲೆ "ಬೂದಿಪತ್ರಿ ತಾರವ್ವಾ" ಅನ್ನುತ್ತಾಳೆ.

ಮೂಡಲಗಿ ಸಂತೆಯಲ್ಲಿ, ಆಯುರ್ವೇದದ ಅಂಗಡಿಯಲ್ಲಿ, ಮಠದ ತೋಟದಲ್ಲಿ ಕೇಳಿದೆ. ಆ ಹೆಸರನ್ನು ಯಾರೂ ಕೇಳಿಲ್ಲ. "ಹೆಂಗಿರತೈತೆವ್ವಾ ಅದು?" ಎಂದರೆ "ವಾಸನಿ" ಅನ್ನುತ್ತಾಳೆ. "ಎಲ್ಲಿ ಬೆಳಿತೈತಿ?" ಎಂದರೆ "ಹತ್ತರಗಿ ಬಾವಿ ದಂಡಿ ಮ್ಯಾಲ". ಹತ್ತರಗಿಯಲ್ಲಿ ನಮಗೆ ಯಾವ ಬೀಗರೂ ಇಲ್ಲ. ಅವ್ವನ ತವರು ಗೋಕಾಕದ ಬಾಜೂದ ಹಳ್ಳಿ. ನೀವು ಹತ್ತರಗಿಗೆ ಹತ್ತಿರದ ಯಮಕನಮರಡಿಯವರು ಎಂದು ಈ ಪತ್ರ.

ಹೆಸರು ಹಿಡಿದೂ ಕೇಳಿ ನೋಡಿದ್ದೇನೆ. ತುಳಸಿಗೆ ತಲೆ ಅಲ್ಲಾಡಿಸಿದಳು, ಮರಗಕ್ಕೂ ಅಷ್ಟೇ. "ದವನ ಏನವ್ವಾ?" ಎಂದದ್ದಕ್ಕೆ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆ ಕಡೆ ಮಗ್ಗಲಾದಳು. ಅಷ್ಟು ಬೇಡವಾದದ್ದು. ನಮ್ಮ ಅಪ್ಪ ಮುರಿಗೆಪ್ಪ ಹೋಗಿ ಒಂಬತ್ತು ವರ್ಷ. ಅವನಿದ್ದಾಗ ವರ್ಷಕ್ಕೊಮ್ಮೆ ಗೋಕಾಕದಿಂದ ಒಂದು ಕಟ್ಟು ದವನ ತಂದು ಗೋಡೆಯ ಮಾಡದಲ್ಲಿ ಇಡುತ್ತಿದ್ದ, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಅವನಿಗೆ ಅದರ ಹುಚ್ಚು. ಅವ್ವ ಆ ಕಡೆ ಕಣ್ಣೆತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಆದ್ದರಿಂದ ದವನವನ್ನು ಹೊಡೆದುಹಾಕಿರಿ. ಉಳಿದದ್ದರಲ್ಲಿ ಯಾವುದು ಎಂದು ತಿಳಿಸಿದರೆ ಉಪಕಾರ. ಆ ಎಲೆಯನ್ನು ಅವಳ ಕೈಯಲ್ಲಿ ಇಟ್ಟರೆ ನನಗೆ ಸಾಕು.

ಶೋಭಾ


ಯಮಕನಮರಡಿ
15 ಜನವರಿ 2025

ತಂಗಿ ಶೋಭಾ ಅವರಿಗೆ ಶರಣಾರ್ಥಿ.

ನಿಮ್ಮ ಪತ್ರ ಹಿಡಿದು ನಾನು ಅಂಗಳದಲ್ಲಿ ಅಡ್ಡಾಡಿದ್ದು ನೋಡಿ ಸೊಸೆ ಸರಿತಾ, "ಏನ್ರಿ ಮಾವಾರ, ಪೆನ್ಶನ್ ಹೆಚ್ಚಾತೇನ್ರಿ?" ಎಂದು ಕೇಳಿದಳು. ಅವಳಿಗೇನು ಗೊತ್ತು. ಮೂವತ್ತನಾಲ್ಕು ವರ್ಷ ಬೇರೆಯವರ ಪತ್ರಕ್ಕೆ ಸಿಕ್ಕಾ ಹೊಡೆದವನಿಗೆ ತನ್ನ ಹೆಸರಿಗೇ ಒಂದು ಪತ್ರ ಬಂದರೆ ಹೇಗಾಗುತ್ತದೆ!

ಹೆಸರುಗಳಿಗೂ ಟಪಾಲಿನ ಗುಣವೇ. ಹೋದ ಹೋದ ಊರಲ್ಲಿ ಒಂದೊಂದು ಸಿಕ್ಕಾ ಬೀಳುತ್ತದೆ. ನಮ್ಮ ಮರಗ ಸಂಸ್ಕೃತದಲ್ಲಿ ಮರುವಕ, ಮರಾಠಿಯಲ್ಲಿ ಮರವಾ. ಪಾರ್ಸಿಯವರು ಅದರ ಜಾತಿಯದೊಂದಕ್ಕೆ 'ಇಲಿಕಿವಿ' ಎಂದರು, ಎಲೆ ನೋಡಿದರೆ ಒಪ್ಪಲೇಬೇಕು. ನಮ್ಮ ಕಾಮಕಸ್ತೂರಿಗೆ ಮರಾಠಿಯವರು ಸಬ್ಜಾ ಎನ್ನುತ್ತಾರೆ, ಅದು ಪಾರ್ಸಿಯ 'ಹಸಿರು'. ಗ್ರೀಕರಿಗೆ ಅದೇ 'ಅರಸನ ಎಲೆ'. ಬಜೆ ಎಂದರೆ ಸಂಸ್ಕೃತದ ವಚಾ, ಅಂದರೆ ಮಾತು. ಮಾತು ಬರಲೆಂದೇ ಕೂಸುಗಳಿಗೆ ತೇಯ್ದು ನೆಕ್ಕಿಸುತ್ತೇವೆ. ನಾವು ಹವೀಜ ಎನ್ನುವ ಕೊತ್ತಂಬರಿಗೆ ಗ್ರೀಕರು ಹಾಸಿಗೆಯ ತಗಣಿಯ ಮೇಲಿಂದ ಹೆಸರಿಟ್ಟರು ಎನ್ನುವವರೂ ಇದ್ದಾರೆ. ಅದನ್ನು ಓದಿದ ಮೇಲೆ ಎಂಟು ದಿನ ನನಗೆ ಸಾರು ಸೇರಲಿಲ್ಲ.

ಆದರೆ ಬೂದಿಪತ್ರಿ? ನನ್ನ ಹತ್ತಿರದ ನಾಲ್ಕು ನಿಘಂಟಿನಲ್ಲಿ ಇಲ್ಲ. ಮರಾಠಿಯಲ್ಲೂ ಇಲ್ಲ. ಬೂದಿ ಎಂದರೆ ವಿಭೂತಿಯೋ, ಒಲೆಯ ಬೂದಿಯೋ, ಬಣ್ಣವೋ? ಬಣ್ಣವೇ ಆದರೆ ದವನ ಬೂದಿ ಬಣ್ಣದ್ದು. ಸಂಸ್ಕೃತದಲ್ಲಿ ದಮನಕ, ಅದುಮಿಡುವಂಥದ್ದು. ಆದರೆ ಅದನ್ನು ನೀವೇ ಹೊಡೆದುಹಾಕಿದ್ದೀರಿ, ನಿಮ್ಮ ಸಾಕ್ಷಿಯೂ ಗಟ್ಟಿಯಾಗಿದೆ. ಬಿಟ್ಟೆ.

ಮರಗ, ಕಾಮಕಸ್ತೂರಿ, ಬಜೆಯ ಬೇರು ಈ ಮೂರನ್ನೂ ಇದರೊಳಗೆ ಇಟ್ಟಿದ್ದೇನೆ. ನನ್ನ ಪದ್ಧತಿ ಹೀಗೆ: ಹೆಸರು ಮೊದಲು, ಎಲೆ ಆಮೇಲೆ. ಒಂದೊಂದರ ಹೆಸರನ್ನೂ ಎಲ್ಲ ಭಾಷೆಯಲ್ಲಿ ತಾಯಿಯವರ ಕಿವಿಗೆ ಬೀಳುವಂತೆ ಗಟ್ಟಿಯಾಗಿ ಓದಿರಿ. ಯಾವುದಾದರೂ ಒಂದು ಕೀಲಿ ಕೂಡಿಯೇ ಕೂಡುತ್ತದೆ.

ಗುರುಪಾದ


ಮೂಡಲಗಿ
2 ಫೆಬ್ರವರಿ 2025

ಗುರುಪಾದ ಕಾಕಾ ಅವರಿಗೆ,

ನೀವು ತಂಗಿ ಎಂದಿರಿ, ಆದರೆ ನಿಮ್ಮ ಪೆನ್ಶನ್ ನೋಡಿ ಕಾಕಾ ಎನ್ನುವುದೇ ಸರಿ ಅನಿಸಿತು.

ನೀವು ಹೇಳಿದಂತೆ ಓದಿದೆ. 'ಇಲಿಕಿವಿ' ಎಂದದ್ದಕ್ಕೆ ಅವ್ವ, "ಎಲ್ಲೈತಿ ಇಲಿ? ಮಂಚದ ಬುಡಕ ನೋಡ" ಎಂದಳು. ಬೆಕ್ಕನ್ನು ಒಳಗೆ ಬಿಡುವವರೆಗೂ ಸುಮ್ಮನಾಗಲಿಲ್ಲ. ಬಜೆಯನ್ನು ನಾಲಿಗೆಗೆ ಇಟ್ಟರೆ ಉಗುಳಿ, "ನಾ ಏನ್ ಕೂಸೇನ?" ಎಂದು ಗದರಿಸಿದಳು. ಎರಡು ತಿಂಗಳ ಮೇಲೆ ಅವಳ ಬೈಗುಳ ಕೇಳಿದ್ದು. ಖುಷಿಯಾಯಿತು. ಆದರೆ ಸಂಜೆಗೆ ಮತ್ತೆ ಅದೇ, "ಬೂದಿಪತ್ರಿ ತಾರವ್ವಾ".

ಇನ್ನೊಂದು ಮಾತು ಯಾರ ಮುಂದೂ ಹೇಳಿಲ್ಲ. ನೆನಪು ಹೋಗುತ್ತಿದೆಯೋ ಏನೋ ಎಂದು ದಿನಾ ಏನಾದರೂ ಕೇಳಲು ಡಾಕ್ಟರು ಹೇಳಿದ್ದಾರೆ. ಮೊನ್ನೆ ಹುಣ್ಣಿಮೆಗಳ ಹೆಸರು ಕೇಳಿದೆ. ಬಾಯಿಪಾಠ ಅವಳಿಗೆ. "ಬನದ ಹುಣ್ಣಿಮಿ, ಭಾರತ ಹುಣ್ಣಿಮಿ, ಹೋಳಿ ಹುಣ್ಣಿಮಿ, ಆಮ್ಯಾಲಿಂದು, ಆಗಿ ಹುಣ್ಣಿಮಿ, ಕಾರ ಹುಣ್ಣಿಮಿ" ಎಂದು ಸರಸರ ಹೇಳಿ ಹನ್ನೆರಡೂ ಮುಗಿಸಿದಳು. "ಆಮ್ಯಾಲಿಂದು ಅಂದ್ರ ಯಾವುದವ್ವಾ?" ಎಂದೆ. "ಅದ, ಹೋಳಿ ಆದ ಮ್ಯಾಲಿಂದು" ಎಂದಳು. ಮೂರು ಸಲ ಕೇಳಿದೆ, ಮೂರು ಸಲವೂ ಅಷ್ಟೇ. ಒಂದು ಹುಣ್ಣಿಮೆ ಹೋಯಿತು. ನಾಳೆ ಇನ್ನೊಂದು ಹೋಗುತ್ತದೆ, ಹೀಗೇ ನನ್ನ ಹೆಸರೂ ಹೋಗುತ್ತದೆ. ಒಲೆ ಮುಂದೆ ಕೂತು ಅತ್ತೆ.

ಈಗ ನನಗೆ ಏನೂ ತಿಳಿಯದಾಗಿದೆ ಕಾಕಾ. ಬೂದಿಪತ್ರಿ ಎಂಬುದು ಇದೆಯೋ, ಅದೂ ಅವಳ ತಲೆಯೊಳಗೇ ಹುಟ್ಟಿದ್ದೋ? ಇದ್ದರೆ ನಾನು ತರುತ್ತೇನೆ. ಇಲ್ಲದ್ದನ್ನು ಎಲ್ಲಿಂದ ತರಲಿ? ಒಂದು ಎಲೆ ತಂದುಕೊಡಲು ಆಗದ ಮಗಳು ಇದ್ದೇನು ಫಲ? ನೀವು ನನಗೆ ಭಾಷೆ ಕಳಿಸುತ್ತಿದ್ದೀರಿ, ನನಗೆ ಎಲೆ ಬೇಕು.

ಶೋಭಾ


ಯಮಕನಮರಡಿ
16 ಫೆಬ್ರವರಿ 2025

ತಂಗಿ ಶೋಭಾ,

ಇದೆ! ಬೂದಿಪತ್ರಿ ಇದೆ!

ನಿಮ್ಮ ಕೊನೆಯ ಸಾಲು ನನಗೆ ಚೆನ್ನಾಗಿಯೇ ತಾಗಿತು. ನಿಘಂಟು ಮುಚ್ಚಿಟ್ಟು ಹತ್ತರಗಿಗೆ ಹೋದೆ. ಹೈವೇ ದಾಟಿ ಹೊಲದ ಕಡೆ ನಡೆದು, ಬಾವಿ ಇದ್ದ ಮನೆಗಳನ್ನೆಲ್ಲ ಕೇಳುತ್ತ ಹೋದೆ. ಏಳನೆಯ ಮನೆಯಲ್ಲಿ ಶೆಟ್ಟೆವ್ವ ಎಂಬ ಹಣ್ಣು ಮುದುಕಿ ಜೋಳ ಕೇರುತ್ತಿದ್ದರು. "ಬೂದಿಪತ್ರಿ ಗೊತ್ತೈತೇನ್ರಿ ಯವ್ವಾ?" ಎಂದೆ. ಮೊರ ಕೆಳಗಿಟ್ಟರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆ ಹೆಸರ ನಿಮಗ್ಯಾರ ಹೇಳಿದ್ರು?"

"ಮೂಡಲಗಿಯ ಪಾರವ್ವ" ಎಂದೆ. ಅವರು ಎದ್ದು ಒಳಗೆ ಹೋದರು. ಅರ್ಧ ತಾಸು ಕಾದೆ, ಹೊರಗೆ ಬರಲಿಲ್ಲ. ಒಳಗಿಂದಲೇ "ಬುಧವಾರ ಬರ್ರಿ" ಎಂದರು. ಈ ಬುಧವಾರ ಹೋಗುತ್ತೇನೆ. ತಾಯಿಯವರಿಗೆ ಹೇಳಿರಿ, ಎಲೆ ದಾರಿಯಲ್ಲಿದೆ. ಅವರ ನೆನಪು ಎಲ್ಲಿಗೂ ಹೋಗಿಲ್ಲ.

ಗುರುಪಾದ


ಯಮಕನಮರಡಿ
1 ಮಾರ್ಚ್ 2025

ತಂಗಿ ಶೋಭಾ,

ತಡವಾಯಿತು. ಒಳಗಿನ ಚಿಕ್ಕ ಲಕೋಟೆಯಲ್ಲಿ ಎಲೆ ಇದೆ. ಅದನ್ನು ತಾಯಿಯವರ ಕೈಗೇ ಕೊಡಿರಿ, ಅವರೇ ಒಡೆಯಲಿ. ಮೊದಲು ಹೇಳಿದ ನನ್ನ ಪದ್ಧತಿ ಶುದ್ಧ ತಪ್ಪು. ಯಾವ ಹೆಸರನ್ನೂ ಹೇಳಬೇಡಿ.

ಒಂದು ಮಾತು ಕೇಳಬೇಕು, ಸಿಟ್ಟಾಗಬೇಡಿ. ತಾಯಿಯವರು ನಿಮ್ಮ ಅಪ್ಪನ ಹೆಸರನ್ನು ಎಂದಾದರೂ ಬಾಯಿಬಿಟ್ಟು ಹೇಳಿದ್ದಾರೆಯೇ?

ಬೂದಿಪತ್ರಿಯನ್ನು ನನ್ನ ಪಟ್ಟಿಗೆ ಸೇರಿಸುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಇವತ್ತು ಆಗುತ್ತಿಲ್ಲ.

ಗುರುಪಾದ


ಮೂಡಲಗಿ
12 ಮಾರ್ಚ್ 2025

ಗುರುಪಾದ ಕಾಕಾ,

ಲಕೋಟೆಯನ್ನು ನಾನೇ ಒಡೆದೆ. ಹಾಸಿಗೆ ಹಿಡಿದವಳಿಗೆ ಏನು ಕೊಡುತ್ತಿದ್ದೇನೆ ಎಂದು ನೋಡದೆ ಕೊಡುವವಳಲ್ಲ ನಾನು. ಒಳಗೆ ದವನ! ಮೊದಲ ಪತ್ರದಲ್ಲೇ ಬೇಡ ಎಂದು ಬರೆದ ದವನ! ಎರಡು ತಿಂಗಳು ಕಾಯಿಸಿ, ಹತ್ತರಗಿಗೆ ಎರಡು ಸಲ ಹೋಗಿ, ಯಾವ ಹೂವಿನವರ ಬುಟ್ಟಿಯಲ್ಲೂ ಸಿಗುವುದನ್ನು ಕಳಿಸಿದಿರಿ. ಅವಳಿಗೆ ತೋರಿಸಲಿಲ್ಲ. ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದರೆ ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಕಿಟಕಿಯಿಂದ ಒಗೆದೆ.

ಮತ್ತೆ ನೀವು ಕೇಳಿದ್ದೇನು? ಹೆಂಡತಿ ಗಂಡನ ಹೆಸರು ಹೇಳುತ್ತಾಳೆಯೇ ಎಂದು! ನೀವು ಯಾವ ಸೀಮೆಯವರು ಕಾಕಾ? ಐವತ್ತು ವರ್ಷ "ಅವರು" ಎಂದಳು, ಬಹಳವಾದರೆ "ಶೋಭಾನ ಅಪ್ಪಾರು" ಎಂದಳು. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದಾಗ ನನ್ನನ್ನು ತಿವಿದು ಹೇಳಿಸಿದವಳು. ನಮ್ಮ ಅಪ್ಪನ ಹೆಸರು ಮುರಿಗೆಪ್ಪ. ಆ ಹೆಸರಿನ ಎಲೆ ಯಾವ ಭಾಷೆಯಲ್ಲೂ ಇದ್ದಂತಿಲ್ಲ.

ಈಗ ಅವ್ವ ಒಂದೇ ಚಮಚಕ್ಕೆ ಬಂದಿದ್ದಾಳೆ. ನೀವು ಏನೋ ಮುಚ್ಚಿಟ್ಟಿದ್ದೀರಿ ಎಂಬಷ್ಟು ತಿಳಿಯದ ದಡ್ಡಿ ನಾನಲ್ಲ. ಹೇಳುವುದಿದ್ದರೆ ಹೇಳಿರಿ, ಇಲ್ಲದಿದ್ದರೆ ಇಲ್ಲಿಗೇ ಬಿಡೋಣ.

ಶೋಭಾ


ಯಮಕನಮರಡಿ
20 ಮಾರ್ಚ್ 2025

ತಂಗಿ ಶೋಭಾ,

ಮೂವತ್ತನಾಲ್ಕು ವರ್ಷದಲ್ಲಿ ಬೇರೆಯವರ ಲಕೋಟೆಯನ್ನು ನಾನು ಒಡೆದವನಲ್ಲ. ಇದು ನಿಮ್ಮ ತಾಯಿಯವರ ಲಕೋಟೆ. ಅದಕ್ಕೇ ಹೋದ ಪತ್ರದಲ್ಲಿ ಬರೆಯಲಿಲ್ಲ. ಮತ್ತೆ ಶೆಟ್ಟೆವ್ವನ ಹತ್ತಿರ ಹೋಗಿ, ಮಗಳಿಗೆ ತಿಳಿಸಲೇ ಎಂದು ಕೇಳಿದೆ. "ಹೇಳ್ರಿ. ಈ ವಯಸ್ಸಿನ್ಯಾಗ ಏನ್ ಮುಚ್ಚೂದೈತಿ? ಅಕಿ ಮಾತ್ರ ಸತ್ರೂ ಬಾಯಿ ಬಿಡಂಗಿಲ್ಲ" ಎಂದರು. ಅವರ ಅಪ್ಪಣೆಯ ಮೇಲೆ ಬರೆಯುತ್ತಿದ್ದೇನೆ. ಕೂತು ಓದಿರಿ.

ಶೆಟ್ಟೆವ್ವನೂ ನಿಮ್ಮ ತಾಯಿಯೂ ಒಂದೇ ಹಂದರದಲ್ಲಿ ಅಣ್ಣತಮ್ಮಂದಿರನ್ನು ಮದುವೆಯಾಗಿ, ಒಂದೇ ದಿನ ಆ ಮನೆಗೆ ಸೊಸೆಯಾಗಿ ಬಂದವರು. ಅಣ್ಣನ ಹೆಂಡತಿ ನಿಮ್ಮ ತಾಯಿ, ಆಗ ಅವರಿಗೆ ಹದಿನಾರು. ಅಣ್ಣನ ಹೆಸರನ್ನು ಕೇಳಿದರೆ ಶೆಟ್ಟೆವ್ವ ಇವತ್ತಿಗೂ ಹೇಳುವುದಿಲ್ಲ, ಅವರಿಗೆ ಆತ ಭಾವ. "ಹೋಳಿ ಆದ ಮ್ಯಾಲೆ ಯಾವ ಹುಣ್ಣಿಮಿ ಬರತೈತಿ? ಆ ಹುಣ್ಣಿಮಿ ದಿನ ಹುಟ್ಟಿದಾವ್ರು. ಅದರ ಹೆಸರ ಇಟ್ಟಿದ್ರು" ಎಂದರು. ದವನದ ಹುಣ್ಣಿಮೆ. ಆತ ದವನಪ್ಪ. ನಿಮ್ಮ ತಾಯಿ ಹುಣ್ಣಿಮೆ ಮರೆತರೆಂದು ನೀವು ಅತ್ತಿರಲ್ಲ, ಅವರು ಮರೆತಿರಲಿಲ್ಲ.

ಆತ ಬಾವಿಯ ದಂಡೆಯ ಮೇಲೆ ದವನ ಬೆಳೆಯುತ್ತಿದ್ದನಂತೆ. ಇಡೀ ಮನೆಗೆ ಅದರದೇ ಕೆಲಸ. ನೀರು ಹಾಕು, ಕೊಯ್ಯು, ಕಟ್ಟು ಕಟ್ಟು. ಹೆಸರೆತ್ತದೆ ಕೆಲಸ ಹೇಗೆ ಮಾಡುವುದು? ಇಬ್ಬರು ಸೊಸೆಯರೂ ಸೇರಿ ಬೂದಿಪತ್ರಿ ಎಂದು ಇಟ್ಟುಕೊಂಡರು. ನಾನು ನಾಲ್ಕೂ ನಿಘಂಟಿನಲ್ಲಿ ಹುಡುಕಿದ ಹೆಸರು ಒಂದೇ ಮನೆಯ ಇಬ್ಬರು ಹುಡುಗಿಯರದು.

ಎರಡನೆಯ ವರ್ಷ, ಕಟ್ಟು ಕಟ್ಟುವಾಗಲೇ ಆತನಿಗೆ ಹುಳ ಮುಟ್ಟಿತು, ಹಾವಿನ ವಿಷಕ್ಕೆ ಆತ ಹೋದ. ವರ್ಷ ಕಳೆದ ಮೇಲೆ ಅತ್ತೆಯೇ ಮುಂದೆ ನಿಂತು ಉಡಕಿ ಮಾಡಿಸಿ, ಹರೆಯದ ವಿಧವೆಗೆ ಎರಡನೆಯ ಮನೆ ಕೊಟ್ಟು, ಮೂಡಲಗಿಗೆ ಕಳಿಸಿದರು. "ಈ ಮನಿ ಮಾತ ಆ ಮನಿಗಿ ಒಯ್ಯಬ್ಯಾಡ" ಎಂದು ಹಿರಿಯರು ಹೇಳಿದರಂತೆ. ಅವರು ಒಯ್ದದ್ದು ಒಂದೇ ಹೆಸರು.

ನೀವು ದವನ ಎಂದಾಗ ಅವರು ಬಾಯಿಗೆ ಸೆರಗು ಒತ್ತಿಕೊಂಡದ್ದು ಎಲೆ ಬೇಡವಾಗಿ ಅಲ್ಲ. ನೀವು ಹೆಸರು ಕೇಳಿದಿರಿ, ಎಲೆ ಕೊಡಲಿಲ್ಲ. ನಾನೂ ಅದನ್ನೇ ಮಾಡಿಸಿದೆ. ನನ್ನ ಜಾಣತನಕ್ಕೆ ಬೆಂಕಿ ಹತ್ತಲಿ.

ಗುರುಪಾದ


ಮೂಡಲಗಿ
13 ಏಪ್ರಿಲ್ 2025

ಗುರುಪಾದ ಕಾಕಾ ಅವರಿಗೆ,

ನಿಮ್ಮ ಪತ್ರ ಓದಿ ಹತ್ತು ದಿನ ಅವ್ವನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಅವಳನ್ನು ತೊಳೆದೆ, ಮಗ್ಗಲು ಬದಲಿಸಿದೆ, ಗಂಜಿ ಕುಡಿಸಿದೆ, ಆದರೆ ಮುಖ ನೋಡಲಿಲ್ಲ. ಸಿಟ್ಟೋ, ನಾಚಿಕೆಯೋ, ಹೊಟ್ಟೆಕಿಚ್ಚೋ, ನನಗೇ ಗೊತ್ತಾಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ಅಪ್ಪನ ಮೇಲೆ ಮರುಕ ಬಂತು. ಪಾಪ, ಏನೂ ತಿಳಿಯದೆ ವರ್ಷ ವರ್ಷ ಅದೇ ದವನವನ್ನು ಮನೆಗೆ ತಂದನಲ್ಲ, ಅವ್ವ ಹೇಗೆ ಸಹಿಸಿದಳು ಎಂದು.

ನಿನ್ನೆ ಆ ಹುಣ್ಣಿಮೆ. ನಸುಕಿನ ಬಸ್ಸಿಗೆ ಗೋಕಾಕಕ್ಕೆ ಹೋದೆ. ಅಪ್ಪ ಹೋಗುತ್ತಿದ್ದ ಹೂವಿನ ಅಂಗಡಿಯಲ್ಲಿ ಸಿದ್ರಾಮ ಇನ್ನೂ ಕೂರುತ್ತಾನೆ, ತಲೆ ಹಣ್ಣಾಗಿದೆ. ಎದುರಿಗೆ ದವನದ ರಾಶಿ. ನನಗೆ ಹೆಸರು ಹೇಳಲು ಬಾಯಿ ಬರಲಿಲ್ಲ ಕಾಕಾ, ಬರೀ ಕೈ ಮಾಡಿ ತೋರಿಸಿದೆ. ಅವನು ನನ್ನ ಮುಖ ನೋಡಿ ನಕ್ಕ.

"ನೀವು ಮುರಿಗೆಪ್ಪನವರ ಮಗಳ ಹೌದಲ್ರಿ? ಅವರೂ ಹಂಗ. 'ಬೂದಿಪತ್ರಿ ಒಂದ್ ಕಟ್ಟ ಕೊಡಪಾ' ಅಂತಿದ್ರು. ಮೊದಲನೇ ಸಲ ನಾ ನಕ್ಕೆ ನೋಡ್ರಿ, 'ಇದಕ್ಕ ದವನ ಅಂತಾರ್ರಿ ಯಜಮಾನ್ರ' ಅಂದೆ. 'ನಮ್ಮ ಮನ್ಯಾಗ ಹಂಗ ಅನ್ನೂದಿಲ್ಲಪಾ' ಅಂದ್ರು."

ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ತರುತ್ತಿದ್ದ. ಹೆಂಡತಿಯ ಹೆಸರನ್ನೇ ಹಿಡಿದು ಕೇಳಿ ತರುತ್ತಿದ್ದ, ತಂದು ಮಾಡದಲ್ಲಿಟ್ಟು ಹೊಲಕ್ಕೆ ಹೋಗುತ್ತಿದ್ದ, ಸಂಜೆಯವರೆಗೆ ಮನೆ ಕಡೆ ಬರುತ್ತಿರಲಿಲ್ಲ. ಇದೂ ಈಗ ನೆನಪಾಯಿತು. ಅವನು ಹೋದ ಮೇಲೆ ಒಂಬತ್ತು ವರ್ಷ ಯಾರೂ ತರಲಿಲ್ಲ. ನಾನೂ ತರಲಿಲ್ಲ. ಬಸ್ಸಿನಲ್ಲಿ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತ ಬಂದೆ. ಬಾಜೂ ಕೂತ ಹೆಂಗಸು ಯಾರು ಹೋದರು ಎಂದು ಕೇಳಿದಳು. ಏನು ಹೇಳಲಿ? ಇಬ್ಬರು ಎಂದೆ.

ನಿಮ್ಮ ಪಟ್ಟಿಯಲ್ಲಿ ಅದನ್ನು ಸೇರಿಸಬೇಡಿ. ಆದರೆ ಆ ಹೆಸರನ್ನು ಆಡಿದವರು ಇಬ್ಬರಲ್ಲ, ಮೂವರು. ಅಷ್ಟನ್ನು ಶೆಟ್ಟೆವ್ವನಿಗೆ ತಿಳಿಸಿರಿ.

ಮನೆಗೆ ಬಂದು, ಏನೂ ಹೇಳದೆ, ಅವ್ವನ ಕೈಯಲ್ಲಿ ಇಟ್ಟೆ. ಕಣ್ಣು ಬಿಡದೆ ಬೆರಳಿನಿಂದಲೇ ಸವರಿದಳು. ಮೂಗಿಗೆ ಒಯ್ದಳು. ಬಹಳ ಹೊತ್ತು ಹಾಗೇ ಹಿಡಿದಿದ್ದು, ಒಂದು ಎಳೆ ಕಿತ್ತು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಆಮೇಲೆ ಬಾಗಿಲ ಕಡೆ ಹೊರಳಿ ಕೇಳಿದಳು.

"ಅವರು ಬಂದ್ರೇನ?"

ಯಾವ ಅವರು? ಹತ್ತರಗಿಯ ಬಾವಿಯ ದಂಡೆಯಿಂದ ಬರುವವರೋ, ಗೋಕಾಕದಿಂದ ಕಟ್ಟು ಹಿಡಿದು ಬರುವವರೋ? ಇಬ್ಬರನ್ನೂ ಆಕೆ ಹಾಗೆಯೇ ಕರೆದದ್ದು. ಕೇಳೋಣ ಎಂದು ಬಾಯಿ ತೆರೆದೆ. ಕೇಳಿದರೂ ಹೆಸರು ಹೇಳುವವಳಲ್ಲ.

"ಬಂದಾರವ್ವ" ಎಂದೆ.

"ಮತ್ತ ನಿಂತೀ ಯಾಕ? ಊಟಕ್ಕ ಹಾಕು."

ಹೋಳಿಗೆ ಮಾಡಿದ್ದೆ. ಅಡುಗೆಮನೆಯಲ್ಲಿ ತಾಟು ಹಿಡಿದು ನಿಂತೆ, ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಎರಡು ತಾಟಿಗೆ ಬಡಿಸಿ, ತುಪ್ಪ ಹಾಕಿ, ತಂದು ಮಂಚದ ಬಾಜೂ ಇಟ್ಟೆ. ಅವ್ವ ತಲೆ ಎತ್ತಿ ಎರಡೂ ತಾಟು ನೋಡಿದಳು. ಒಂದನ್ನು ತೆಗಿ ಎನ್ನಲಿಲ್ಲ.

ನಿಮ್ಮ
ಶೋಭಾ